ಅಳತೆ ತಪ್ಪದ ಕೈ

ಹಸುಗೂಸಿಗೆ ಔಷಧ ಕೊಡುವುದಕ್ಕೆ ನಮ್ಮ ಊರಿನ ಮನೆಗಳಲ್ಲಿ ಒಂದು ಕ್ರಮವಿತ್ತು. ಅಜ್ಜಿಯು ತೇಯುವ ಕಲ್ಲನ್ನು ತೊಳೆದು, ಬಜೆ, ಜಾಯಿಕಾಯಿ, ಅಳಲೆಕಾಯಿಗಳನ್ನು ಒಂದೊಂದಾಗಿ ಅದರ ಮೇಲೆ ತೇಯ್ದು, ಬಂದುದನ್ನು ಬೆರಳ ತುದಿಯಿಂದ ಮಗುವಿನ ನಾಲಗೆಗೆ ಸವರುತ್ತಿದ್ದಳು. ಅಲ್ಲಿ ತಕ್ಕಡಿಯಿರಲಿಲ್ಲ, ಸುತ್ತೇ ಅಳತೆ. ಎಳೆಯ ಕೂಸಿಗೆ ಒಂದು ಸುತ್ತು, ಬೆಳೆದಂತೆ ಎರಡು, ಮೂರು. ಆ ಬೇರು ಕಾಯಿಗಳ ವಿಷಯದಲ್ಲಿ ಇಂದಿನ ಮಕ್ಕಳ ವೈದ್ಯರು ಬೇರೆ ಅಭಿಪ್ರಾಯ ಹೇಳುತ್ತಾರೆ. ಅದು ಇಲ್ಲಿನ ಮಾತಲ್ಲ. ಔಷಧವು ಎಲ್ಲರಿಗೂ ಒಂದೇ ಅಳತೆಯದಾಗದು, ಈ ಮಗುವಿಗೆ ಇಷ್ಟೇ ಸಲ್ಲುತ್ತದೆ ಎಂಬ ವಿವೇಕವು ಆ ಸುತ್ತಿನ ಲೆಕ್ಕದಲ್ಲಿತ್ತು. ಅದೇ ವಿವೇಕವನ್ನು ತಕ್ಕಡಿ, ಗಣಿತ ಮತ್ತು ಕಾನೂನುಗಳ ಆಧಾರದಿಂದ ನಡೆಸಿಕೊಂಡು ಬಂದದ್ದು ಕಂಪೌಂಡರರ ಕಸುಬು. ಅದರ ಕುರಿತು ನಾಲ್ಕು ಮಾತುಗಳನ್ನು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಮುಂಬಯಿಗೆ ಹಿಂದೆ ಬಂದು ನೆಲೆಸಿದ ನಮ್ಮ ಹಿರಿಯರಿಗೆ ಕಂಪೌಂಡರನ ಪರಿಚಯ ಹೇಳಬೇಕಾಗಿಲ್ಲ. ಡಾಕ್ಟರರ ದವಾಖಾನೆಯಲ್ಲಿ ಮರದ ಅಡ್ಡಗೋಡೆಯ ಆಚೆಗೆ, ಚಿಕ್ಕದೊಂದು ಕಿಂಡಿಯ ಹಿಂದೆ ಆತನು ನಿಂತಿರುತ್ತಿದ್ದನು. ರೋಗಿಯು ಮನೆಯಿಂದ ತಂದ ಬಾಟಲಿಗೆ ಬಣ್ಣದ ಮಿಕ್ಸ್ಚರನ್ನು ತುಂಬಿ, ಅದರ ಬದಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಅಂಟಿಸಿ ಕೊಡುತ್ತಿದ್ದನು. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧ. ಓದುಬರಹ ಬಾರದ ಗಿರಣಿ ಕಾರ್ಮಿಕನಿಗೂ ಅದು ತಿಳಿಯುತ್ತಿತ್ತು. ಡಾಕ್ಟರರನ್ನು ಕೇಳಲು ಸಂಕೋಚಪಟ್ಟದ್ದನ್ನು, ಅನ್ನ ಉಣ್ಣಬಹುದೇ, ಸ್ನಾನ ಮಾಡಬಹುದೇ ಎಂಬುದನ್ನು, ಜನರು ಆ ಕಿಂಡಿಯಲ್ಲಿ ಕೇಳಿ ತಿಳಿದುಕೊಳ್ಳುತ್ತಿದ್ದರು. ಕಾರ್ಖಾನೆಯ ಗುಳಿಗೆ, ಸಿರಪ್ಪುಗಳು ಬಂದಮೇಲೆ ಆ ಬಾಟಲಿಗಳು ಅಪರೂಪವಾದವು. ಆದರೆ ಕಸುಬು ಅಳಿಯಲಿಲ್ಲ; ಅದು ಹೆಚ್ಚು ಕಟ್ಟುನಿಟ್ಟಾಯಿತು.

ಚೆಂಬೂರು ಸ್ಟೇಷನ್ನಿನಿಂದ ಸೆಂಟ್ರಲ್ ಅವೆನ್ಯೂ, ಡೈಮಂಡ್ ಗಾರ್ಡನ್ನುಗಳ ಕಡೆಗೆ ನಡೆದು ಹೋಗುವವರು ಔಷಧದ ಅಂಗಡಿಗಳ ಹಲಗೆಗಳನ್ನು ದಿನವೂ ನೋಡುತ್ತಾರೆ. ಆ ಹಲಗೆಗಳ ಮೇಲಿನ ಹೆಸರುಗಳಿಗೆ ಕಾನೂನಿನ ಅರ್ಥವುಂಟೆಂಬುದು ಬಹು ಮಂದಿಗೆ ತಿಳಿದಿರಲಾರದು. 1945ರ ಔಷಧ ನಿಯಮಗಳ ಪ್ರಕಾರ, ನೋಂದಾಯಿತ ಫಾರ್ಮಸಿಸ್ಟನ ಅಗತ್ಯವಿಲ್ಲದ ಅಂಗಡಿಯು ‘ಡ್ರಗ್‌ಸ್ಟೋರ್’. ಫಾರ್ಮಸಿಸ್ಟನಿದ್ದು, ಚೀಟಿ ನೋಡಿ ಔಷಧ ತಯಾರಿಸುವ ಏರ್ಪಾಡು ಇಲ್ಲದ ಅಂಗಡಿಯು ‘ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್’. ಫಾರ್ಮಸಿಸ್ಟನೂ ಇದ್ದು, ಡಾಕ್ಟರರ ಚೀಟಿಯಂತೆ ಅಲ್ಲಿಯೇ ಔಷಧ ಬೆರೆಸಿ ತಯಾರಿಸುವ ಏರ್ಪಾಡೂ ಇದ್ದರೆ ಮಾತ್ರ ‘ಫಾರ್ಮಸಿ’ ಅಥವಾ ‘ಡಿಸ್ಪೆನ್ಸಿಂಗ್ ಕೆಮಿಸ್ಟ್’ ಎಂಬ ಹೆಸರು ಸಲ್ಲುತ್ತದೆ. ಅಂತಹ ಕಡೆ ಔಷಧ ತಯಾರಿಸುವ ಭಾಗವು ಒಬ್ಬ ಫಾರ್ಮಸಿಸ್ಟನಿಗೆ ಕನಿಷ್ಠ 6 ಚದರ ಮೀಟರ್ ಇರಬೇಕು. ಜೊತೆಗೆ ಕೆಲಸ ಮಾಡುವ ಪ್ರತಿಯೊಬ್ಬ ಫಾರ್ಮಸಿಸ್ಟನಿಗೂ ಇನ್ನೆರಡು ಚದರ ಮೀಟರ್ ಸೇರಬೇಕು. ಜನರು ಒಳಗೆ ನುಗ್ಗದಂತೆ ಅಡ್ಡಗಟ್ಟು ಇರಬೇಕು. ಫಾರ್ಮಸಿಸ್ಟನು ಶುಭ್ರವಾದ ಬಿಳಿಯ ಮೇಲಂಗಿ ತೊಟ್ಟಿರಬೇಕು, ಅವನ ಹೆಸರು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಹಳೆಯ ದವಾಖಾನೆಯ ಅಡ್ಡಗೋಡೆಯಂತಹುದೇ ಕಾನೂನಿನ ಪುಸ್ತಕದಲ್ಲಿಯೂ ನಿಂತಿದೆಯೆನ್ನಬಹುದು.

1948ರ ಫಾರ್ಮಸಿ ಕಾಯಿದೆಯು ಈ ಕಸುಬಿಗೆ ಬೇಲಿ ಕಟ್ಟಿತು. ಅದರ 42ನೆಯ ಕಲಮಿನಂತೆ ನೋಂದಾಯಿತ ಫಾರ್ಮಸಿಸ್ಟನಲ್ಲದವನು ವೈದ್ಯರ ಚೀಟಿಯ ಮೇಲೆ ಔಷಧವನ್ನು ಬೆರೆಸಕೂಡದು, ತಯಾರಿಸಕೂಡದು, ಕೊಡಕೂಡದು. ಆದರೂ ಕಾಯಿದೆಯು ಹಳಬರನ್ನು ಬೀದಿಗೆ ತಳ್ಳಲಿಲ್ಲ. ಆಸ್ಪತ್ರೆ, ದವಾಖಾನೆಗಳಲ್ಲಿ ವರ್ಷಾನುಗಟ್ಟಲೆ ಔಷಧ ಬೆರೆಸಿ ಅನುಭವ ಪಡೆದ ಕಂಪೌಂಡರರಿಗೆ ಮೊದಲನೆಯ ರಿಜಿಸ್ಟರಿನಲ್ಲಿ ಹೆಸರು ಬರೆಸಲು ಅವಕಾಶವಿತ್ತಿತು. ಹೊಸದಾಗಿ ಬರುವವರಿಗೆ ಮಾತ್ರ ವ್ಯಾಸಂಗವೇ ಬಾಗಿಲು.

ಕೆಲಸದ ರೀತಿಯನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಂದು ಔಷಧವು ಪೇಟೆಯಲ್ಲಿ 5 ಮಿಲಿಗ್ರಾಂ ಗುಳಿಗೆಯಾಗಿ ಮಾತ್ರ ದೊರೆಯುತ್ತದೆ. ಎಳೆಯ ಮಗುವಿಗೆ ಡಾಕ್ಟರರು 1 ಮಿಲಿಗ್ರಾಮಿನ ಹತ್ತು ಪುಡಿ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಗುಳಿಗೆಯನ್ನು ಚಾಕುವಿನಿಂದ ಐದು ತುಂಡು ಮಾಡಿದರೆ ಯಾವ ತುಂಡಿನಲ್ಲಿ ಎಷ್ಟು ಹೋಯಿತೆಂದು ದೇವರಿಗೇ ಗೊತ್ತು. ಆದುದರಿಂದ ಕಂಪೌಂಡರನು ಎರಡು ಗುಳಿಗೆಗಳನ್ನು ಪಿಂಗಾಣಿಯ ಖಲಬತ್ತಿನಲ್ಲಿ ನುಣ್ಣಗೆ ಅರೆಯುತ್ತಾನೆ. ಅದಕ್ಕೆ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯನ್ನು ಸೇರಿಸುತ್ತಾನೆ, ಆದರೆ ಒಮ್ಮೆಲೇ ಅಲ್ಲ. ಪುಡಿ ಎಷ್ಟಿದೆಯೋ ಅಷ್ಟೇ ಸಕ್ಕರೆ ಹಾಕಿ ಅರೆಯಬೇಕು; ಈಗ ಎಷ್ಟಾಯಿತೋ ಅಷ್ಟೇ ಮತ್ತೆ ಹಾಕಿ ಅರೆಯಬೇಕು. ಹೀಗೆ ಇಮ್ಮಡಿಸುತ್ತ ಹೋದರೆ ಮಾತ್ರ ಚಿಟಿಕೆಯಷ್ಟು ಮದ್ದು ಒಟ್ಟು ಪುಡಿಯಲ್ಲಿ ಸಮವಾಗಿ ಹರಡುತ್ತದೆ. ಕೊನೆಗೆ ಒಟ್ಟು ತೂಕವನ್ನು ಸರಿಯಾಗಿ 1 ಗ್ರಾಮಿಗೆ ತಂದು, 100 ಮಿಲಿಗ್ರಾಮಿನಂತೆ ಹತ್ತು ಪೊಟ್ಟಣ ಕಟ್ಟುತ್ತಾನೆ. ಪ್ರತಿಯೊಂದರಲ್ಲಿಯೂ ಔಷಧ 1 ಮಿಲಿಗ್ರಾಂ. ದೋಸೆಯ ಹಿಟ್ಟಿಗೆ ಉಪ್ಪು ಹಾಕಿ ಒಂದು ಸುತ್ತು ಕಲಸಿ ಬಿಟ್ಟರೆ ಒಂದು ದೋಸೆ ಸಪ್ಪೆ, ಇನ್ನೊಂದು ಉಪ್ಪುಪ್ಪು ಆಗುವುದನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಈ ತಾಳ್ಮೆಯ ಬೆಲೆ ಬೇಗನೆ ತಿಳಿಯುತ್ತದೆ.

ಮುಲಾಮಿನ ಕೆಲಸವೂ ಹೀಗೆಯೇ. ಮುಂಬಯಿಯ ಮಳೆಗಾಲದಲ್ಲಿ ಒಣಗದ ಬಟ್ಟೆಯುಟ್ಟು ತಿರುಗುವವರಿಗೆ ಹುಳುಕಡ್ಡಿ, ಅಂದರೆ ಗಜಕರ್ಣ, ಹತ್ತುವುದು ಹೊಸದಲ್ಲ. ಅದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ವ್ಹಿಟ್‌ಫೀಲ್ಡ್ ಮುಲಾಮಿನ 100 ಗ್ರಾಮಿನಲ್ಲಿ ಬೆಂಜೋಯಿಕ್ ಆಮ್ಲ 6 ಗ್ರಾಂ, ಸ್ಯಾಲಿಸಿಲಿಕ್ ಆಮ್ಲ 3 ಗ್ರಾಂ. ಉಳಿದದ್ದು ಮೇಣದಂತಹ ಆಧಾರದ್ರವ್ಯ. ಗಾಜಿನ ಹಲಗೆಯ ಮೇಲೆ ಈ ಪುಡಿಗಳನ್ನು ಸ್ವಲ್ಪ ಆಧಾರದ್ರವ್ಯದೊಡನೆ ಒಂದು ಕಣವೂ ಕೈಗೆ ಒರಟಾಗದಂತೆ ಉಜ್ಜಬೇಕು. ಇನ್ನು ಗುಳಿಗೆ ನುಂಗಲಾರದ ಮಗುವಿಗೋ ವೃದ್ಧರಿಗೋ ಕುಡಿಯುವ ಔಷಧ ಮಾಡುವಾಗ ಸಕ್ಕರೆ ಪಾಕದ ಸಹಾಯ ಬೇಕು. ಔಷಧದ ಪಾಕದಲ್ಲಿ ನೂರಕ್ಕೆ 66.7 ಭಾಗ ಸಕ್ಕರೆಯೆಂದು ನಿಗದಿಯಾಗಿದೆ. ಸಿಹಿಯೊಂದೇ ಅದರ ಉದ್ದೇಶವಲ್ಲ. ಅಷ್ಟು ಗಟ್ಟಿ ಪಾಕದಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ಮಾವಿನ ಮುರಬ್ಬ ಕೆಡದಿರುವುದೂ ಇದೇ ಕಾರಣದಿಂದ.

ಈ ಕೆಲಸದಲ್ಲಿ ಅತಿ ಚಿಕ್ಕದೊಂದು ಚುಕ್ಕೆಯು ಪ್ರಾಣವನ್ನು ಹಿಡಿದಿರುತ್ತದೆ. ಹಿಂದಿನವರು ಗ್ರೇನ್, ಡ್ರಾಮ್, ಔನ್ಸುಗಳಲ್ಲಿ ತೂಗುತ್ತಿದ್ದರು. ಒಂದು ಗ್ರೇನೆಂದರೆ ಸುಮಾರು 65 ಮಿಲಿಗ್ರಾಂ. ಒಂದು ಗ್ರಾಮಿಗೆ 15ಕ್ಕಿಂತ ಹೆಚ್ಚು ಗ್ರೇನ್‌ಗಳು. ಗ್ರೇನನ್ನು ಗ್ರಾಮೆಂದು ಓದಿದವನು ಹದಿನೈದು ಪಾಲು ಔಷಧ ಕೊಟ್ಟನೆಂದೇ ಲೆಕ್ಕ. ಮೆಟ್ರಿಕ್ ಅಳತೆ ಬಂದಮೇಲೆ ಆ ಭಯ ತಗ್ಗಿ, ದಶಾಂಶ ಬಿಂದುವಿನ ಭಯ ಬಂದಿತು. ಅರ್ಧ ಮಿಲಿಗ್ರಾಮನ್ನು 0.5 ಎಂದೇ ಬರೆಯಬೇಕು, ಮುಂದಿನ ಸೊನ್ನೆಯನ್ನು ಬಿಡಕೂಡದು, ಐದನ್ನು 5.0 ಎಂದು ಬರೆಯಕೂಡದು, 5 ಎಂದರೆ ಸಾಕು. ಚುಕ್ಕೆ ಮಸುಕಾದರೆ ಮೊದಲನೆಯದು ಐದಾಗುತ್ತದೆ, ಎರಡನೆಯದು ಐವತ್ತಾಗುತ್ತದೆ. ಆದುದರಿಂದಲೇ ಒಬ್ಬನು ಮಾಡಿದ ಲೆಕ್ಕವನ್ನು ಇನ್ನೊಬ್ಬನು ಸ್ವತಂತ್ರವಾಗಿ ಮಾಡಿ ತಾಳೆ ನೋಡುವ ಪದ್ಧತಿಯು ಒಳ್ಳೆಯ ಆಸ್ಪತ್ರೆಗಳಲ್ಲಿದೆ. ಇದು ಅಪನಂಬಿಕೆಯಲ್ಲ, ಕಸುಬಿನ ಧರ್ಮ.

ಆ ಧರ್ಮ ತಪ್ಪಿದ ಕಡೆ ಏನಾಗುತ್ತದೆಂಬುದನ್ನು ಹೇಳಲು ಮನಸ್ಸಿಗೆ ಕಷ್ಟವಾದರೂ ಹೇಳದೆ ಇರಲಾಗದು. 2006ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಸ್ಪತ್ರೆಯೊಂದರಲ್ಲಿ ಎರಡು ವರ್ಷದ ಹೆಣ್ಣುಮಗುವಿನ ಔಷಧವನ್ನು ಬೆರೆಸುವಾಗ, ನೂರಕ್ಕೆ 0.9ರ ಉಪ್ಪುನೀರಿನ ಬದಲು 23.4ರ ಉಪ್ಪುನೀರು ಬಳಕೆಯಾಯಿತು. ಬೆರೆಸಿದವರು ಫಾರ್ಮಸಿ ಟೆಕ್ನೀಷಿಯನ್. ಪರೀಕ್ಷಿಸಬೇಕಾದ ಫಾರ್ಮಸಿಸ್ಟರ ಕಣ್ಣಿಗೂ ಅದು ಬೀಳಲಿಲ್ಲ. ಮಗು ಉಳಿಯಲಿಲ್ಲ. ಆ ಬಳಿಕವೇ ಆ ರಾಜ್ಯದಲ್ಲಿ ಟೆಕ್ನೀಷಿಯನ್ನರ ತರಬೇತಿಯ ಕುರಿತು ಕಾನೂನು ಬಂದಿತು. ನಮ್ಮ ಮುಂಬಯಿಯೂ 1986ರ ಆರಂಭದಲ್ಲಿ ಬೇರೊಂದು ಬಗೆಯ ದುಃಖವನ್ನು ಕಂಡಿದೆ. ಜೆ. ಜೆ. ಆಸ್ಪತ್ರೆಯಲ್ಲಿ ಚಿಕಿತ್ಸೆಗೆಂದು ಕೊಟ್ಟ ಗ್ಲಿಸರಿನ್ನಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದು 14 ರೋಗಿಗಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗವು ಅದರ ವಿಚಾರಣೆ ನಡೆಸಿತು. ಇದೇ ವಿಷವು 1937ರಲ್ಲಿ ಅಮೆರಿಕದಲ್ಲಿ ಒಂದು ದ್ರವೌಷಧದ ಮೂಲಕ ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತ್ತು. ನೋಡಲು, ಮುಟ್ಟಲು, ನಾಲಗೆಗೆ ಎರಡೂ ಒಂದೇ ತರಹ. ಪ್ರಯೋಗಶಾಲೆಯ ಪರೀಕ್ಷೆಯೊಂದೇ ಭೇದ ಹೇಳಬಲ್ಲುದು. ತೂಗುವ ಕೈ ಎಷ್ಟು ನಿಷ್ಠೆಯದಾದರೂ ತೂಗುವ ವಸ್ತು ಶುದ್ಧವಾಗಿರದಿದ್ದರೆ ನಿಷ್ಠೆ ವ್ಯರ್ಥ ಎಂಬುದು ಈ ಘಟನೆಗಳ ಪಾಠ.

ಕಂಪೌಂಡರನ ಕಾಲ ಮುಗಿಯಿತೆನ್ನುವವರು ಚೆಂಬೂರಿನ ನೆರೆಯ ಟ್ರಾಂಬೆಯ ಕಡೆಗೆ ಒಮ್ಮೆ ನೋಡಬೇಕು. 1956ರಲ್ಲಿ ಅಪ್ಸರಾ ರಿಯಾಕ್ಟರು ಆರಂಭವಾದ ಆ ಸ್ಥಳದ ವಿಜ್ಞಾನದಿಂದ ವೈದ್ಯಶಾಸ್ತ್ರಕ್ಕೂ ಉಪಕಾರವಾಯಿತು. 1963ರಲ್ಲಿ ಪರೇಲಿನಲ್ಲಿ ವಿಕಿರಣ ವೈದ್ಯಕೀಯ ಕೇಂದ್ರವು ಸ್ಥಾಪಿತವಾಯಿತು. ಎಲುಬು, ಹೃದಯ, ಮೂತ್ರಪಿಂಡಗಳ ಚಿತ್ರ ತೆಗೆಯಲು ಇಂದು ಬಳಸುವ ಟೆಕ್ನೀಷಿಯಂ-99ಎಂ ಎಂಬ ವಸ್ತುವಿನ ಶಕ್ತಿಯು ಪ್ರತಿ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಬೆಳಿಗ್ಗೆ 8ಕ್ಕೆ ತಯಾರಿಸಿದ್ದು ರಾತ್ರಿ 8ಕ್ಕೆ ಕಾಲುಭಾಗ ಮಾತ್ರ. ಇಂತಹುದನ್ನು ಕಪಾಟಿನಲ್ಲಿಟ್ಟು ಮಾರಲು ಬರುವಂತಿಲ್ಲ. ಮಾಲಿಬ್ಡಿನಂ ತುಂಬಿದ ಪೆಟ್ಟಿಗೆಯಿಂದ ಆಸ್ಪತ್ರೆಯಲ್ಲಿ ಅದನ್ನು ಆಯಾ ಹೊತ್ತಿಗೆ ತೆಗೆದು, ತಕ್ಕ ಔಷಧದೊಡನೆ ಬೆರೆಸಿ, ರೋಗಿಗೆ ರೋಗಿಗೆ ಬೇರೆಯಾಗಿ ಅಳೆದು ಕೊಡಬೇಕು. ಆ ಪೆಟ್ಟಿಗೆಗೆ ಕಸುಬಿನವರು ‘ಹಸು’ ಎಂದೂ, ಆ ಕ್ರಿಯೆಗೆ ‘ಹಾಲು ಕರೆಯುವುದು’ ಎಂದೂ ಹೆಸರಿಟ್ಟಿದ್ದಾರೆ. ಸೀಸದ ಗೋಡೆಯ ಹಿಂದೆ ನಿಂತು ಹಾಲು ಕರೆಯುವ ಈ ವಿದ್ಯಾವಂತರೂ ಹಳೆಯ ಕಿಂಡಿಯ ಹಿಂದಿನ ಕಂಪೌಂಡರನ ವಂಶದವರೇ. ಕ್ಯಾನ್ಸರ್ ರೋಗಿಯ ತೂಕ, ಎತ್ತರ ನೋಡಿ ಔಷಧ ಬೆರೆಸುವವರೂ ಅವನ ವಂಶದವರೇ.

ನಮ್ಮ ಸಮಾಜದಲ್ಲಿ ಮಕ್ಕಳ ವ್ಯಾಸಂಗದ ಮಾತು ಬಂದಾಗ ಎಂಜಿನಿಯರ್, ಡಾಕ್ಟರ್ ಎಂಬೆರಡು ಹೆಸರುಗಳೇ ಮೊದಲು ಕೇಳಿಬರುತ್ತವೆ. ವಿಜ್ಞಾನ ವಿಷಯದಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಮೇಲೆ ಎರಡು ವರ್ಷಗಳ ಡಿಪ್ಲೊಮಾ, ಅದರ ಮೇಲೆ ಮೂರು ತಿಂಗಳಿಗೆ ಕಡಿಮೆಯಿಲ್ಲದೆ 500 ಗಂಟೆಗಳ ಕೈಕೆಲಸದ ತರಬೇತಿ: ಇದು ಫಾರ್ಮಸಿಯ ಒಂದು ದಾರಿ. ನಾಲ್ಕು ವರ್ಷಗಳ ಪದವಿಯದು ಇನ್ನೊಂದು. ಚೆಂಬೂರಿನಲ್ಲಿಯೇ ವಿವೇಕಾನಂದ ಎಜುಕೇಶನ್ ಸೊಸೈಟಿಯ ಫಾರ್ಮಸಿ ಕಾಲೇಜು ಇದೆ. ಗಣಿತದಲ್ಲಿ ಎಚ್ಚರ, ಕೈಯಲ್ಲಿ ಶುಚಿ, ಮನಸ್ಸಿನಲ್ಲಿ ತಾಳ್ಮೆಯಿರುವ ತರುಣ ತರುಣಿಯರು ಇದನ್ನು ಎರಡನೆಯ ದರ್ಜೆಯ ಉದ್ಯೋಗವೆಂದು ತಿಳಿಯಬಾರದು; ತಂದೆತಾಯಂದಿರೂ ತಿಳಿಯಬಾರದು. ಅಂಗಡಿಯ ಮುಂದೆ ನಿಂತು ‘ಬೇಗ ಕೊಡಿ’ ಎಂದು ಅವಸರಪಡಿಸುವ ನಾವು, ಒಳಗೆ ನಡೆಯುವ ಲೆಕ್ಕವು ಅವಸರದ್ದಲ್ಲವೆಂಬುದನ್ನು ನೆನೆಯಬೇಕು.

ನಮ್ಮ ಪಾಲಿನ ಕರ್ತವ್ಯವೂ ಕೆಲವುಂಟು. ಮಗುವಿಗೆ ಔಷಧ ಕೊಳ್ಳುವಾಗ ಅದರ ಇಂದಿನ ತೂಕವನ್ನು ಹೇಳಬೇಕು. ಆರು ತಿಂಗಳ ಹಿಂದಿನ ತೂಕ ಆಗದು. ಡಾಕ್ಟರರನ್ನೋ ಫಾರ್ಮಸಿಸ್ಟರನ್ನೋ ಕೇಳದೆ ಗುಳಿಗೆಯನ್ನು ಮನೆಯಲ್ಲಿ ಅರೆಯಬಾರದು, ಮುರಿಯಬಾರದು. ನಿಧಾನವಾಗಿ ಕರಗಲೆಂದೇ ಮಾಡಿದ ಗುಳಿಗೆಯನ್ನು ಅರೆದರೆ ಇಡೀ ದಿನದ ಔಷಧ ಒಮ್ಮೆಲೇ ಒಳಸೇರುತ್ತದೆ. ಅಡುಗೆಮನೆಯ ಚಮಚವು ಅಳತೆಯ ಚಮಚವಲ್ಲ. 5 ಮಿಲಿಲೀಟರ್ ಎಂದರೆ ಔಷಧದೊಡನೆ ಕೊಟ್ಟ ಅಳತೆಯಲ್ಲಿಯೇ ಅಳೆಯಬೇಕು. ‘ಚೆನ್ನಾಗಿ ಅಲುಗಾಡಿಸಿ’ ಎಂದು ಬರೆದಿದ್ದರೆ ಅಲುಗಾಡಿಸಲೇಬೇಕು, ಇಲ್ಲವಾದರೆ ಮೊದಲ ದಿನ ನೀರು, ಕೊನೆಯ ದಿನ ಮದ್ದು. ನೀರು ಬೆರೆಸಿ ಕೈಯಲ್ಲಿ ತಯಾರಿಸಿದ ಔಷಧದ ಆಯುಸ್ಸು ಚಿಕ್ಕದು. ಚೀಟಿಯಲ್ಲಿ ಬರೆದ ತಾರೀಖು ಮುಗಿದ ಮೇಲೆ ಬಾಟಲಿಯಲ್ಲಿ ಅರ್ಧ ಉಳಿದಿದ್ದರೂ ಚೆಲ್ಲಬೇಕು. ಉಳಿಸಿ ಅಕ್ಕನ ಮಗುವಿನದನ್ನು ತಂಗಿಯ ಮಗುವಿಗೆ ಕೊಡುವ ಮಿತವ್ಯಯವು ನಮಗೆ ಬೇಡ.

ಒಬ್ಬ ರೋಗಿಯ ಹೆಸರು ಬರೆದ ಚಿಕ್ಕ ಪೊಟ್ಟಣವು ಕೈಗೆ ಬಂದಾಗ, ಅದರ ಹಿಂದೆ ಇಬ್ಬರ ಲೆಕ್ಕ, ಒಬ್ಬರ ತೋಳಿನ ಶ್ರಮ, ಒಂದು ಕಾಯಿದೆಯ ಕಾವಲು ಇರುತ್ತದೆ. ಅದನ್ನು ಅರಿತು ‘ಹೇಗೆ ತೆಗೆದುಕೊಳ್ಳಬೇಕು?’ ಎಂದು ವಿನಯದಿಂದ ಕೇಳಿದರೆ ಉತ್ತರ ಹೇಳಲು ಅವರು ಸಂತೋಷಪಡುವರು. ನಮ್ಮ ವಾಚಕ ಕುಟುಂಬಗಳಿಗೆ ಔಷಧದ ಅಂಗಡಿಯ ಮೆಟ್ಟಿಲು ಹತ್ತುವ ಪ್ರಸಂಗವು ಕಡಿಮೆಯಾಗಲಿ. ಹತ್ತಲೇಬೇಕಾದಾಗ, ಅಳತೆ ತಪ್ಪದ ಕೈಯೊಂದು ಅಲ್ಲಿರಲಿ.