ನಮ್ಮೂರ ಹೆಸರು ಹೇಳುವ ಧ್ವನಿ

ರೇಡಿಯೋ ಇರುವ ಮನೆಗಳಲ್ಲಿ ಹಿರಿಯರು ಆಗಾಗ ಆಡುವ ಮಾತೊಂದುಂಟು: “ಆಗಿನವರ ಹಾಗೆ ವಾರ್ತೆ ಓದುವವರು ಈಗ ಎಲ್ಲಿದ್ದಾರೆ?” ಈ ಮಾತನ್ನು ನೀವೂ ಆಡಿರಬಹುದು, ಆಡದಿದ್ದರೆ ಕೇಳಿಯಾದರೂ ಇರುತ್ತೀರಿ. ಕಿರಿಯರು ಇದಕ್ಕೆ ನಕ್ಕು ಸುಮ್ಮನಾಗುತ್ತಾರೆ. ಹೋದ ಕಾಲವನ್ನೆಲ್ಲ ಹೊನ್ನಿನ ಕಾಲವೆನ್ನುವುದು ಮುಪ್ಪಿನ ಲಕ್ಷಣವೆಂದು ಅವರ ಎಣಿಕೆ. ಆದರೆ ಒಂದು ಧ್ವನಿಗಾಗಿ ಒಂದು ಸೀಮೆಯ ಜನವೇ ಹಂಬಲಿಸುವುದಾದರೆ, ಅದಕ್ಕೆ ಮುಪ್ಪಲ್ಲದೆ ಬೇರೆ ಕಾರಣವೂ ಇರಬೇಕು. ಆ ಕಾರಣವೇನು, ನಾವು ಕಳೆದುಕೊಂಡುದೇನು, ಇನ್ನೂ ಉಳಿದಿರುವುದೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಬೆಳಗಾವಿ ಜಿಲ್ಲೆಗೆ ಸೇರಿದುವು. ಕಚೇರಿಯ ಕೆಲಸಕ್ಕೆ, ಕಾಗದಪತ್ರಕ್ಕೆ ನಾವು ಬೆಳಗಾವಿಯ ಕಡೆಗೆ ನಡೆಯುತ್ತೇವೆ. ಆದರೆ ಧ್ವನಿ ಮಾತ್ರ ನಮಗೆ ಧಾರವಾಡದಿಂದ ಬಂದಿತು. ಧಾರವಾಡದ ಆಕಾಶವಾಣಿ ನಿಲಯ ಆರಂಭವಾದುದು 1950ನೆಯ ಇಸವಿ ಜನವರಿ 8ರಂದು. ಆಗ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಗಳಾಗಿದ್ದವರು ನಮ್ಮ ಕಡೆಯವರೇ ಆದ ರಂಗನಾಥ ದಿವಾಕರರು. ಅಂದು ನಮ್ಮ ಸೀಮೆ ಇನ್ನೂ ಮುಂಬಯಿ ಪ್ರಾಂತದಲ್ಲಿತ್ತು. ರಾಮದುರ್ಗ ಸಂಸ್ಥಾನ 1948ರಲ್ಲಷ್ಟೇ ಅದರಲ್ಲಿ ವಿಲೀನವಾಗಿತ್ತು. ಕನ್ನಡನಾಡು ಒಂದಾದುದು 1956ರ ನವೆಂಬರ್ 1ರಂದು. ಎಂದ ಮೇಲೆ, ರಾಜ್ಯ ಒಂದಾಗುವುದಕ್ಕೆ ಆರು ವರ್ಷಗಳಿಗೂ ಹೆಚ್ಚು ಕಾಲ ಮೊದಲೇ ಧಾರವಾಡದ ಕನ್ನಡ ನಮ್ಮ ಮನೆಗಳೊಳಗೆ ಬಂದು ಕುಳಿತಿತ್ತು. ‘ಆಕಾಶವಾಣಿ’ ಎಂಬ ಹೆಸರೂ ಕನ್ನಡ ನೆಲದ್ದೇ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ ನಿಲಯಕ್ಕೆ ಆ ಹೆಸರು ಬಂದಿತ್ತು. 2023ರಲ್ಲಿ ಪ್ರಸಾರ ಭಾರತಿಯು ಇಂಗ್ಲಿಷ್ ಹೆಸರನ್ನು ಬಿಟ್ಟು ಇದೊಂದನ್ನೇ ಉಳಿಸಿಕೊಂಡಿತು.

ಧ್ವನಿ ಹೇಗೆ ಬಂದಿತೆಂಬುದನ್ನು ತಿಳಿದರೆ ಪ್ರೀತಿ ಹೇಗೆ ಹುಟ್ಟಿತೆಂಬುದೂ ಅರ್ಧ ತಿಳಿಯುತ್ತದೆ. ನೀವು ರೇಡಿಯೋದ ಮುಳ್ಳನ್ನು ತಿರುಗಿಸಿ ನಿಲ್ಲಿಸುತ್ತಿದ್ದುದು 765 ಕಿಲೋಹರ್ಟ್ಸ್ ಎಂಬಲ್ಲಿ. ಸೆಕೆಂಡಿಗೆ 7 ಲಕ್ಷ 65 ಸಾವಿರ ಸಲ ಮಿಡಿಯುವ ಅಲೆ ಅದು. ಒಂದೊಂದು ಅಲೆಯ ಉದ್ದ ಸುಮಾರು 392 ಮೀಟರು. ಇದಕ್ಕೆ ಮಧ್ಯಮ ತರಂಗವೆಂದು ಹೆಸರು. ಹಗಲಿನಲ್ಲಿ ಈ ಅಲೆ ನೆಲವನ್ನು ತಬ್ಬಿಕೊಂಡು ಹೋಗುತ್ತದೆ; ಗುಡ್ಡ ಅಡ್ಡ ಬಂದರೂ ಬಳಸಿ ಹೋಗುತ್ತದೆ. ರಾತ್ರಿಯಾದರೆ ಮೇಲಣ ವಾಯುಮಂಡಲಕ್ಕೆ ಬಡಿದು ಮರಳಿ ದೂರದ ಊರುಗಳಲ್ಲಿ ಇಳಿಯುತ್ತದೆ. ಆದಕಾರಣವೇ ರಾತ್ರಿ ಪರಸ್ಥಳದ ನಿಲಯಗಳೂ ಒಂದರ ಮೇಲೊಂದು ಬಂದು ಗೊಜಗೊಜವೆನ್ನುತ್ತಿದ್ದುವು. ಆದರೆ ನಮ್ಮ ನಾಲ್ಕೂ ಪಟ್ಟಣಗಳು ಧಾರವಾಡದಿಂದ ನೂರು ಕಿಲೋಮೀಟರಿನ ಒಳಗೇ ಇವೆ. ನೆಲದ ಅಲೆ ನೇರವಾಗಿ ಮುಟ್ಟುವ ವರ್ತುಲ ಅದು. ಇನ್ನೂ ಒಂದು ಮಾತನ್ನು ಗಮನಿಸಬೇಕು. ನಾವು ಹತ್ತಿ ಮಾರುವ ಪೇಟೆ, ಬೀಗತನ ಬೆಳೆಸುವ ಊರು, ನಡೆದುಕೊಳ್ಳುವ ದೇವರು, ಮಕ್ಕಳನ್ನು ಓದಲು ಕಳಿಸುವ ಕಾಲೇಜು, ಇವೆಲ್ಲ ಹೆಚ್ಚುಕಡಿಮೆ ಅದೇ ವರ್ತುಲದೊಳಗೇ ಇದ್ದುವು. ಅಲೆಯ ಎಟುಕೂ ಬಾಳಿನ ಎಟುಕೂ ಒಂದೇ ಆಗಿತ್ತು.

ಇನ್ನು ಓದುವವರ ವಿಷಯ. ವಾರ್ತೆ ಓದುವವರು ತಮ್ಮ ಹೆಸರನ್ನು ಹೇಳಿ ಆರಂಭಿಸುವ ಪದ್ಧತಿಗೆ ಒಂದು ಇತಿಹಾಸವಿದೆ. ಬಿ.ಬಿ.ಸಿ.ಯಲ್ಲಿ ಮೊದಮೊದಲು ಓದುವವರು ಹೆಸರಿಲ್ಲದವರು. ಎರಡನೆಯ ಮಹಾಯುದ್ಧ ಬಂದು, 1940ರಲ್ಲಿ ಶತ್ರುಗಳು ಎಲ್ಲಿ ಸುಳ್ಳು ವಾರ್ತೆಯನ್ನು ಬಿತ್ತರಿಸಿ ಜನರನ್ನು ವಂಚಿಸುವರೋ ಎಂಬ ಭಯ ಹುಟ್ಟಿದಾಗ, ಓದುವವರು ಹೆಸರು ಹೇಳತೊಡಗಿದರು. ಕೇಳುವವರು ಧ್ವನಿಯ ಗುರುತು ಹಿಡಿಯಲಿ, ಗುರುತಿಲ್ಲದ ಧ್ವನಿಯನ್ನು ನಂಬದಿರಲಿ ಎಂಬುದು ಉದ್ದೇಶ. ಹೆಸರು ಹೇಳುವುದು ಬಡಾಯಿಗಲ್ಲ, ಹೊಣೆಗಾಗಿ ಎಂಬುದನ್ನು ನೀವು ಇಲ್ಲಿ ಕಾಣಬಹುದು. ಈ ಪದ್ಧತಿ ನಮ್ಮ ಆಕಾಶವಾಣಿಯಲ್ಲಿಯೂ ನಡೆದುಬಂದಿತು. ಅದರ ಫಲ ಎಷ್ಟು ದೊಡ್ಡದೆಂದರೆ, 1974ರಲ್ಲಿ ಆರಂಭವಾದ ಸಂಸ್ಕೃತ ವಾರ್ತೆಯ ಒಂದು ವಾಕ್ಯವೂ ಅರ್ಥವಾಗದವರಿಗೂ ಬಲದೇವಾನಂದ ಸಾಗರ ಎಂಬ ಹೆಸರು ಬಾಯಿಪಾಠವಾಗಿಬಿಟ್ಟಿತು!

ಮುಖ ಕಾಣದ ಧ್ವನಿ ದಿನವೂ ಒಂದೇ ಹೊತ್ತಿಗೆ ಬಂದರೆ ಅದು ಮನೆಯ ಧ್ವನಿಯಾಗುತ್ತದೆ. ವಾರ್ತೆಯ ಹೊತ್ತೆಂದರೆ ಒಲೆ ಹಚ್ಚುವ ಹೊತ್ತು, ಬಸ್ಸು ಹಿಡಿಯುವ ಹೊತ್ತು, ಗಡಿಯಾರ ಸರಿಮಾಡುವ ಹೊತ್ತು. ಪೇಟೆ ಧಾರಣೆ ಬರುವಾಗ ಅಂಗಡಿಯವರೂ ಒಕ್ಕಲಿಗರೂ ಮಾತು ನಿಲ್ಲಿಸುತ್ತಿದ್ದರು. ನಮ್ಮ ಬದುಕಿನ ಹೊತ್ತುಗೊತ್ತುಗಳೇ ಆ ಧ್ವನಿಗೆ ಗಂಟುಬಿದ್ದುವು. ಆದುದರಿಂದ ಆ ಧ್ವನಿಯನ್ನು ನೆನೆಯುವವರು ಅದನ್ನೊಂದನ್ನೇ ನೆನೆಯುವುದಿಲ್ಲ; ಅದರ ಜೊತೆಗಿದ್ದ ಮನೆಯನ್ನೂ ಮನೆಯಲ್ಲಿದ್ದವರನ್ನೂ ನೆನೆಯುತ್ತಾರೆ.

ಇಷ್ಟೇ ಆಗಿದ್ದರೆ ಇದನ್ನು ಬರಿಯ ಹಳಹಳಿಕೆಯೆಂದು ಬಿಡಬಹುದಾಗಿತ್ತು. ಆದರೆ ಇನ್ನೂ ಮುಖ್ಯವಾದುದೊಂದಿದೆ; ಅದು ಹೆಸರಿನ ಉಚ್ಚಾರ. ಕನ್ನಡ ಪಾಠ ಹೇಳುವವನಾದ್ದರಿಂದ ನನ್ನ ಕಿವಿ ಮೊದಲು ಹೋಗುವುದು ಅಲ್ಲಿಗೇ. ‘ಬೈಲಹೊಂಗಲ’ ಎಂಬುದನ್ನು ದೂರದವರು ಹಿಂದುಮುಂದಿನ ಅಕ್ಷರ ಎಳೆದು ಏನೇನೋ ಮಾಡುತ್ತಾರೆ. ಈ ಸೀಮೆಯವರ ನಾಲಗೆಗೆ ಅದು ತಾನಾಗಿ ಒಲಿಯುತ್ತದೆ. ‘ಸವದತ್ತಿ’ ಎಂಬುದು ರಟ್ಟರ ರಾಜಧಾನಿಯಾಗಿದ್ದ ‘ಸುಗಂಧವರ್ತಿ’ ಸವೆದು ಆದ ರೂಪ. ನೂರಾರು ವರ್ಷ ಜನರ ಬಾಯಲ್ಲಿ ಉರುಳಿ ನುಣುಪಾದ ಕಲ್ಲು ಅದು. ಅದನ್ನು ತಪ್ಪಾಗಿ ಹೇಳಿದರೆ ಊರಿನವರಿಗೆ ಕಲ್ಲು ಕಚ್ಚಿದಂತಾಗುತ್ತದೆ. ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ ಯಾವುದು, ಭಾರತ ಹುಣ್ಣಿಮೆ ಯಾವುದು, ಗೊಡಚಿ ಇರುವುದು ಯಾವ ತಾಲ್ಲೂಕಿನಲ್ಲಿ, ಚೆನ್ನಮ್ಮ ಆಳಿದುದು ಕಿತ್ತೂರಿನಲ್ಲಾದರೂ ಆಕೆಯ ಸಮಾಧಿ ಬೈಲಹೊಂಗಲದಲ್ಲಿ ಏಕಿದೆ, ಇಂಥವನ್ನು ಯಾರನ್ನೂ ಕೇಳದೆ ಬಲ್ಲವರು ವಾರ್ತೆ ಬರೆದು ಓದಿದರೆ ಆ ವಾರ್ತೆಗೆ ಒಂದು ಮೈಕಟ್ಟು ಬರುತ್ತದೆ. ನಮ್ಮ ಊರಿನ ಹೆಸರು ಗಾಳಿಯಲ್ಲಿ ಸರಿಯಾಗಿ ಬಂದಾಗ, ನಾವೂ ಈ ನಾಡಿನ ಲೆಕ್ಕದಲ್ಲಿದ್ದೇವೆ ಎಂಬ ಧೈರ್ಯ ಹುಟ್ಟುತ್ತದೆ.

ಭಾಷೆಯ ಮಾತೂ ಹಾಗೆಯೇ. ವಾರ್ತೆಯಲ್ಲಿ ಗ್ರಂಥದ ಕನ್ನಡ, ಹಳ್ಳಿಗರ ಕಾರ್ಯಕ್ರಮದಲ್ಲಿ ಆಡುನುಡಿ ಎಂಬ ಪಂಕ್ತಿಭೇದ ಬಹುಕಾಲ ನಡೆಯಿತು. ಇದು ನಮ್ಮಲ್ಲಿ ಮಾತ್ರ ಇದ್ದುದಲ್ಲ. 1941ರಲ್ಲಿ ಇಂಗ್ಲೆಂಡಿನ ಉತ್ತರ ಭಾಗವಾದ ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ಎಂಬುವರು ಬಿ.ಬಿ.ಸಿ.ಯಲ್ಲಿ ತಮ್ಮ ಕಡೆಯ ಉಚ್ಚಾರದಲ್ಲಿಯೇ ವಾರ್ತೆ ಓದಿದಾಗ ಅಲ್ಲಿ ದೊಡ್ಡ ಚರ್ಚೆಯೇ ಆಯಿತು. ಧಾರವಾಡದ ನಿಲಯ ಒಂದು ಒಳ್ಳೆಯ ಕೆಲಸ ಮಾಡಿತು. ನಮ್ಮ ಆಡುಮಾತು ಸಿನಿಮಾಗಳಲ್ಲಿ ಬಹುಮಟ್ಟಿಗೆ ನಗಿಸುವವರ ಪಾಲಿಗೆ ಹೋಗಿದ್ದ ದಿನಗಳಲ್ಲಿ, ಅದೇ ಮಾತಿನಲ್ಲಿ ಬೀಜದ ವಿಷಯ, ಗೊಬ್ಬರದ ವಿಷಯ, ಮಕ್ಕಳ ಆರೋಗ್ಯದ ವಿಷಯಗಳನ್ನು ಗಂಭೀರವಾಗಿ ಆಡಬಹುದೆಂದು ತೋರಿಸಿತು.

ಹಾಗಾದರೆ ಇದು ಕಡಮೆಯಾದುದು ಹೇಗೆ? ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ಉದಯ ಟಿ.ವಿ. 1994ರಲ್ಲಿ ಬಂದಿತು; ಇಡೀ ದಿನ ವಾರ್ತೆಯನ್ನೇ ಬಿತ್ತರಿಸುವ ಟಿ.ವಿ.9 2006ರಲ್ಲಿ, ಪಬ್ಲಿಕ್ ಟಿ.ವಿ. 2012ರಲ್ಲಿ ಬಂದುವು. ಇವುಗಳ ಅಲೆ ನೆಲ ಹಿಡಿದು ಬರುವುದಲ್ಲ. ಬೆಂಗಳೂರಿನಿಂದ ಸುಮಾರು 36,000 ಕಿಲೋಮೀಟರು ಮೇಲಿರುವ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಬೀದರಿಗೂ ಚಾಮರಾಜನಗರಕ್ಕೂ ಒಂದೇ ಸಮನಾಗಿ ಸುರಿಯುತ್ತದೆ. ರಾಮದುರ್ಗಕ್ಕೆ ಬೇರೆ, ಮಡಿಕೇರಿಗೆ ಬೇರೆ ಎಂದು ಆ ಮಳೆಯನ್ನು ಹಂಚಲಾಗದು. ಎಲ್ಲರಿಗೂ ಒಂದೇ ವಾರ್ತೆ ಎಂದ ಮೇಲೆ, ಎಲ್ಲರನ್ನೂ ಹಿಡಿದು ನಿಲ್ಲಿಸುವ ವಾರ್ತೆಗೇ ಮೊದಲ ಮಣೆ. ನಮ್ಮ ಸಂತೆಯ ಸುದ್ದಿ, ಕೆರೆಯ ಸುದ್ದಿ ಮಣೆಯಿಂದ ಆಚೆಗೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ಯಂತ್ರದ ಏರ್ಪಾಡೇ ಹಾಗಿದೆ. ಜಾಹೀರಾತಿನ ಲೆಕ್ಕಾಚಾರ ಆ ಏರ್ಪಾಡನ್ನು ಇನ್ನಷ್ಟು ಬಿಗಿಮಾಡಿತು.

ಟಿ.ವಿ.ಯಲ್ಲಿ ಪ್ರೀತಿಯ ಧ್ವನಿಗಳೇ ಇರಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ದೂರದರ್ಶನದಲ್ಲಿ ನಿರೂಪಕಿಯಾಗಿದ್ದ ಅಪರ್ಣಾ ಅವರು 2024ರ ಜುಲೈ 11ರಂದು ತೀರಿಕೊಂಡಾಗ, ಅವರನ್ನು ಎಂದೂ ಎದುರಿಗೆ ಕಾಣದವರೂ ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. ಶುದ್ಧವಾದ, ಸಾವಧಾನದ ಕನ್ನಡಕ್ಕೆ ಜನ ಸಲ್ಲಿಸಿದ ಮರ್ಯಾದೆ ಅದು. ಕರ್ನಾಟಕದ ಅನೇಕ ಪಟ್ಟಣಗಳಲ್ಲಿ ಕೇಬಲ್ಲಿನವರು ತಮ್ಮದೇ ಸಣ್ಣ ವಾಹಿನಿ ನಡೆಸಿ, ಊರಿನ ಹುಡುಗ ಹುಡುಗಿಯರಿಂದಲೇ ಊರಿನ ವಾರ್ತೆ ಓದಿಸಿದುದೂ ಉಂಟು. ಅಮೇರಿಕದಲ್ಲಿ ಇದು ದೊಡ್ಡ ಪ್ರಮಾಣದಲ್ಲಿಯೇ ಬೆಳೆಯಿತು. ಅಲ್ಲಿ ನಗರಕ್ಕೊಂದು ಟಿ.ವಿ. ನಿಲಯ, ನಿಲಯಕ್ಕೊಬ್ಬ ಹಿರಿಯ ವಾರ್ತಾವಾಚಕ. ಫಿಲಡೆಲ್ಫಿಯಾ ನಗರದ ಜಿಮ್ ಗಾರ್ಡ್‌ನರ್ ಎಂಬುವರು 1977ರಿಂದ 2022ರ ವರೆಗೆ ಒಂದೇ ನಿಲಯದಲ್ಲಿ ಸಂಜೆಯ ವಾರ್ತೆ ಹೇಳಿದರು. 45 ವರ್ಷ! ಆ ಹೊತ್ತಿಗೆ ಅವರ ಧ್ವನಿ ಕೇಳಿ ಬೆಳೆದ ಮಕ್ಕಳಿಗೆ ಮೊಮ್ಮಕ್ಕಳಾಗುವ ಕಾಲ. ಊರಿನ ಧ್ವನಿಗಾಗಿ ಹಂಬಲಿಸುವುದು ನಮ್ಮ ಸೀಮೆಯ ದೌರ್ಬಲ್ಯವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಹಳೆಯ ಕಾಲವನ್ನು ಹೊಗಳುವಾಗ ನ್ಯಾಯ ತಪ್ಪಬಾರದು. ಆಗ ರೇಡಿಯೋ ಇದ್ದ ಮನೆಗಳು ಬೆರಳೆಣಿಕೆ. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ಉಳಿದವರು ಪಂಚಾಯತಿಯ ಕಟ್ಟೆಯಲ್ಲೋ ನೆರೆಮನೆಯ ಕಿಟಕಿಯ ಕೆಳಗೋ ನಿಂತು ಕೇಳಬೇಕು. ಸರಕಾರದ ನಿಲಯವಾದ್ದರಿಂದ ಸರಕಾರಕ್ಕೆ ಒಗ್ಗದ ಮಾತು ಅಲ್ಲಿ ಕೇಳಿಬರುವುದೂ ಅಪರೂಪ. ಇಂದು ಪ್ರತಿಯೊಬ್ಬರ ಕೈಯಲ್ಲೂ ಮೊಬೈಲಿದೆ. ಯಾರು ಬೇಕಾದರೂ ವಾರ್ತೆ ಹೇಳಬಹುದು. ಆದರೆ ಹೇಳಿದವರು ಯಾರು, ಹೊಣೆ ಯಾರದು ಎಂಬುದು ತಿಳಿಯುವುದಿಲ್ಲ. 1940ರ ಭಯ ಬೇರೊಂದು ವೇಷದಲ್ಲಿ ಮರಳಿ ಬಂದಿದೆ ಎನ್ನಬೇಕು.

ಇದು ಕೇವಲ ಭಾವನೆಯ ವಿಷಯವಲ್ಲ ಎಂಬುದಕ್ಕೆ ಮಲಪ್ರಭೆಯನ್ನು ನೋಡಿ. ಕಣಕುಂಬಿಯಲ್ಲಿ ಹುಟ್ಟಿ, ಎಂ. ಕೆ. ಹುಬ್ಬಳ್ಳಿಯನ್ನು ದಾಟಿ, ಸಂಗೊಳ್ಳಿಯ ಬದಿಗೆ ಹರಿದು, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ಬಿಟ್ಟ ನೀರು ರಾಮದುರ್ಗಕ್ಕೆ ಹೋಗುತ್ತದೆ. ಈ ನದಿ ನಮ್ಮ ನಾಲ್ಕೂ ತಾಲ್ಲೂಕುಗಳನ್ನು ದಾರದಂತೆ ಪೋಣಿಸಿದೆ. 2019ರ ಆಗಸ್ಟಿನಲ್ಲಿ ಅದು ಉಕ್ಕಿದಾಗ ರಾಮದುರ್ಗ ತಾಲ್ಲೂಕಿನ ದಂಡೆಯ ಊರುಗಳು ನೀರಿಗೆ ಸಿಕ್ಕಿದುವು. ಅಂಥ ರಾತ್ರಿ ದಂಡೆಯ ಮನೆಯವರಿಗೆ ಬೇಕಾದುದು ರಾಜ್ಯದ ಪ್ರವಾಹದ ಚಿತ್ರವಲ್ಲ. ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಅದು ನಮ್ಮ ಊರಿಗೆ ಎಷ್ಟು ಹೊತ್ತಿಗೆ ಬಂದೀತು, ಯಾವ ಸೇತುವೆ ಮುಳುಗಿದೆ, ದನಕರುಗಳನ್ನು ಎಲ್ಲಿಗೆ ಹೊಡೆಯಬೇಕು, ಈ ನಾಲ್ಕು ಮಾತು ಬೇಕು; ಅವನ್ನು ಊರಿನ ಹೆಸರು ಹಿಡಿದು, ನಂಬುವಂಥವರು ಹೇಳಬೇಕು. ವಿದ್ಯುತ್ತು ಹೋದರೆ ಟಿ.ವಿ. ಸುಮ್ಮನಾಗುತ್ತದೆ, ಮೊಬೈಲಿನ ಕಂಬವೂ ಕೈಕೊಡಬಹುದು. ಎರಡು ಸೆಲ್ಲಿನ ರೇಡಿಯೋ ಆಗಲೂ ಮಾತಾಡುತ್ತದೆ. ಖಾಸಗಿ ಎಫ್.ಎಂ. ನಿಲಯಗಳಿಗೆ 2011ರ ಸರಕಾರಿ ನೀತಿಯು ಸ್ವಂತ ವಾರ್ತೆಗೆ ಅವಕಾಶ ಕೊಡಲಿಲ್ಲ. ಆಕಾಶವಾಣಿಯ ವಾರ್ತೆಯನ್ನು ಮಾರ್ಪಡಿಸದೆ ಮರುಪ್ರಸಾರ ಮಾಡಬಹುದೆಂದಷ್ಟೇ ಹೇಳಿತು. ಆದಕಾರಣ ಸೀಮೆಯ ವಾರ್ತೆಯ ಭಾರ ಧಾರವಾಡದಂಥ ನಿಲಯಗಳ ಹೆಗಲ ಮೇಲೆಯೇ ಬಿದ್ದಿತು.

ಧಾರವಾಡದ ನಿಲಯಕ್ಕೆ 2025ರ ಜನವರಿಯಲ್ಲಿ 75 ವರ್ಷ ತುಂಬಿತು. ಆ್ಯಪಿನ ಮೂಲಕ ಅದರ ಧ್ವನಿ ಈಗ ಪುಣೆಯಲ್ಲಿರುವ ನಿಮ್ಮ ಮಗನಿಗೂ, ಪರದೇಶದಲ್ಲಿರುವ ಮಗಳಿಗೂ ಕೇಳುತ್ತದೆ. ಇದೆಲ್ಲ ಇದ್ದು ನಾವು “ಆಗಿನ ಹಾಗೆ ಈಗಿಲ್ಲ” ಎಂದು ನಿಟ್ಟುಸಿರು ಬಿಡುತ್ತ ಕುಳಿತರೆ, ಇರುವುದೂ ಕೇಳುವವರಿಲ್ಲದೆ ಸೊರಗೀತು. ನಿಲಯಕ್ಕೆ ಕೇಳುಗರೇ ಜೀವ. ನಿಮ್ಮ ಊರಿನ ಹೆಸರನ್ನು ತಪ್ಪಾಗಿ ಓದಿದರೆ ಒಂದು ಕಾರ್ಡು ಬರೆಯಿರಿ. ಸರಿಯಾಗಿ ಓದಿದರೆ ಎರಡು ಬರೆಯಿರಿ. ನಿಮ್ಮ ಮನೆಯಲ್ಲಿ ಸ್ಪಷ್ಟವಾದ ದನಿಯ ಮಗುವಿದ್ದರೆ ಪ್ರತಿದಿನ ವರ್ತಮಾನಪತ್ರಿಕೆಯ ಹತ್ತು ಸಾಲನ್ನು ಗಟ್ಟಿಯಾಗಿ ಓದಿಸಿರಿ. ಅಕಾರ ಹಕಾರಗಳ ಭೇದ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ನಾಲಗೆಗೆ ಬರಲಿ. ಜೊತೆಗೆ ನಮ್ಮ ಕಡೆಯ ಮಾತಿನ ಇಂಪೂ ಉಳಿಯಲಿ. ಎರಡೂ ಒಂದೇ ಬಾಯಲ್ಲಿ ಇರಬಲ್ಲುವು. ಮುಂದೆ ಆಕಾಶವಾಣಿಯ ಧ್ವನಿಪರೀಕ್ಷೆಗೆ ಕರೆ ಬಂದಾಗ ಬೈಲಹೊಂಗಲದಿಂದಲೋ ರಾಮದುರ್ಗದಿಂದಲೋ ಒಬ್ಬರು ಹೋಗಿ ನಿಲ್ಲುವಂತಾಗಲಿ. ನಮ್ಮೂರ ಹೆಸರನ್ನು ನಾಡಿಗೆಲ್ಲ ಕೇಳುವಂತೆ ಸರಿಯಾಗಿ ಹೇಳುವವರು ನಮ್ಮ ಮನೆಗಳಿಂದಲೇ ಹೊರಡಬೇಕು.