ಕತ್ತೆಯ ಮಾಸು: ಬಿದ್ದ ಮೇಲೆ ಹರಡಿ ನೋಡಿರಿ

ದೇವದುರ್ಗದ ಕಡೆ ಕತ್ತೆ ಸಾಕುವವರಿಗೆ ಅದರ ದುಡಿಮೆಯೇ ಆಧಾರ. ಕತ್ತೆ ಗಬ್ಬವಾಗಿ ಸುಮಾರು 12 ತಿಂಗಳಿಗೆ ಈಯುತ್ತದೆ. ಆಕಳ ಮಾಸು ಗರ್ಭಕೋಶಕ್ಕೆ ಗಂಟುಗಳಿರುವಲ್ಲಿ ಮಾತ್ರ ಅಂಟಿರುತ್ತದೆ. ಕತ್ತೆಯಲ್ಲಿ ಹಾಗಲ್ಲ, ಮಾಸಿನ ಕೆಂಪು ಹೊರಮೈ ಮಖಮಲ್ಲಿನಂತಹ ಎಳೆಗಳಿಂದ ಎಲ್ಲೆಡೆ ಕೂಡಿಕೊಂಡಿರುತ್ತದೆ. ಮರಿಗೆ ಆಹಾರ, ಪ್ರಾಣವಾಯು ಸಿಗುವುದು ಇದರಿಂದಲೇ.

ಆಕಳಿಗೆ 12 ಗಂಟೆ ಕಾಯುವುದುಂಟು. ಕತ್ತೆಯ ಮಾಸು 3 ಗಂಟೆಯೊಳಗೆ ಬೀಳಬೇಕು. ಒಳಗುಳಿದ ಚೂರು ಕೊಳೆತರೆ ನಂಜೇರಿ, ಗೊರಸಿನ ಬಾವು ಬಂದು ಕುಂಟಬಹುದು, ಸಾಯಲೂಬಹುದು. ಕೈಯಿಂದ ಎಳೆಯಬೇಡಿರಿ, ಕಲ್ಲು ಕಟ್ಟಬೇಡಿರಿ. ಜೋತುಬಿದ್ದ ಮಾಸನ್ನು ತುಳಿಯದಂತೆ ಮೇಲೆತ್ತಿ ಕಟ್ಟಿ ಪಶುವೈದ್ಯರನ್ನು ಕರೆಸಿರಿ.

ಬಿದ್ದ ಮಾಸನ್ನು ನೆಲದ ಮೇಲೆ ಹರಡಿರಿ. ಪಾಯಿಜಾಮದ ಕಾಲುಗಳಂತೆ ಎರಡು ಕೊಂಬು ಕಾಣುತ್ತವೆ. ಹೆಚ್ಚಾಗಿ ಒಳಗುಳಿಯುವುದು ಸಣ್ಣ ಕೊಂಬಿನ ತುದಿ. ಎರಡು ತುದಿಯೂ ಹರಿಯದೆ ಪೂರ್ಣವಾಗಿದ್ದರೆ ಮಾತ್ರ ಹೂಳಿರಿ. ಇಲ್ಲದಿದ್ದರೆ ವೈದ್ಯರಿಗೆ ತೋರಿಸಿರಿ.