ಮೋಟಾರಿನಲ್ಲಿ ಬಾನುಲಿ

ಹಳೆಯ ಬಾನುಲಿಗೆ ಒಂದು ಸೌಜನ್ಯವಿತ್ತು; ಅದು ಹೇಳದೆ ಹೋಗುತ್ತಿರಲಿಲ್ಲ. ಮೋಟಾರು ಊರನ್ನು ಹಿಂದಿಕ್ಕಿ ಸಾಗಿದಂತೆ ಗಾಯಕನ ದನಿಯಲ್ಲಿ ಮೊದಲು ಒಂದಿಷ್ಟು ಮರಳು ಬೆರೆಯುತ್ತಿತ್ತು. ಬಳಿಕ ಕೊರಕೊರ ಸದ್ದು. ಕಡೆಗೆ, ಆಚೆಯ ದಡದಲ್ಲಿ ನಿಂತು ಕರೆದಂತೆ ಒಂದೆರಡು ಸ್ವರ. ಕೇಳುಗನು ಮನಸ್ಸನ್ನು ಅಣಿಮಾಡಿಕೊಳ್ಳಲು ಅಷ್ಟು ವ್ಯವಧಾನ ಸಾಕಾಗಿತ್ತು. ಡಿಜಿಟಲ್ ಬಾನುಲಿಗೆ ಈ ದಾಕ್ಷಿಣ್ಯವಿಲ್ಲ. ಕೇಳಿಸುವಷ್ಟು ಹೊತ್ತು ತಿಳಿನೀರಿನಂಥ ದನಿ. ಮರುಕ್ಷಣ, ರಾಗದ ನಡುವೆಯೇ, ಮೌನ.

ಕಾರಣವು ಅದರ ಹುಟ್ಟಿನಲ್ಲಿಯೇ ಇದೆ. ಹಳೆಯ ಪದ್ಧತಿಯಲ್ಲಿ ದನಿಯ ಏರಿಳಿತವೇ ಅಲೆಯ ಏರಿಳಿತವಾಗಿ ಹೊರಡುತ್ತದೆ. ದಾರಿಯಲ್ಲಿ ಸವೆದಷ್ಟು ಸವೆದು ನಮ್ಮನ್ನು ಮುಟ್ಟುತ್ತದೆ. ಹೊಸತರಲ್ಲಿ ದನಿಯು ಸೊನ್ನೆ-ಒಂದುಗಳ ಸಾಲಾಗಿ ಬರುತ್ತದೆ. ಅಲ್ಲಲ್ಲಿ ಕೆಲವು ಅಂಕಿಗಳು ಅಳಿಸಿಹೋದರೆ, ಓಲೆಗರಿಯ ತ್ರುಟಿತ ಪಾಠವನ್ನು ಸಂಪಾದಕನು ತುಂಬಿಕೊಳ್ಳುವಂತೆ, ಗ್ರಾಹಕಯಂತ್ರವು ತಾನೇ ತುಂಬಿಕೊಳ್ಳುತ್ತದೆ. ಅಳಿಸಿದ್ದು ಮಿತಿ ಮೀರಿತೆಂದರೆ ಊಹೆಗೆ ಕೈಯಿಕ್ಕದೆ ಸುಮ್ಮನಾಗುತ್ತದೆ. (ನಮ್ಮ ಕೆಲವು ಗ್ರಂಥಸಂಪಾದಕರು ಈ ಗುಣವನ್ನು ಅದರಿಂದ ಕಲಿಯಬಹುದು.)

ನಾರ್ವೆ ದೇಶವು 2017ರಲ್ಲಿ ತನ್ನ ರಾಷ್ಟ್ರೀಯ ಕೇಂದ್ರಗಳ ಎಫ್.ಎಂ. ಪ್ರಸಾರವನ್ನು ನಿಲ್ಲಿಸಿ ಡಿಜಿಟಲ್ ಪದ್ಧತಿಗೆ ಹೊರಳಿತು. ಹಾಗೆ ಮಾಡಿದ ಮೊದಲ ದೇಶ ಅದು. ಕೇಂದ್ರಗಳ ಸಂಖ್ಯೆ ಹೆಚ್ಚಿತು. ಆದರೆ ಇಕ್ಕಟ್ಟು ತಲೆದೋರಿದ್ದು ರಸ್ತೆಯಲ್ಲಿ. ಮನೆಯ ಪೆಟ್ಟಿಗೆಯನ್ನು ಬದಲಿಸುವುದು ಸುಲಭ. ಓಡುತ್ತಿದ್ದ ಬಹುಪಾಲು ಮೋಟಾರುಗಳಲ್ಲಿ ಹೊಸ ಯಂತ್ರವೇ ಇರಲಿಲ್ಲ.

ನಮ್ಮಲ್ಲಿಯ ಪಾಡು ಇದಕ್ಕೆ ವಿಪರೀತ. ಆಕಾಶವಾಣಿಯು ಆರಿಸಿಕೊಂಡದ್ದು ಮಧ್ಯಮ ತರಂಗದಲ್ಲಿಯೂ ಸಾಗಬಲ್ಲ ಡಿ.ಆರ್.ಎಂ. ಪದ್ಧತಿಯನ್ನು. 2010ರ ದಶಕದಲ್ಲಿ ಬೆಂಗಳೂರೂ ಸೇರಿದಂತೆ 30ಕ್ಕೂ ಹೆಚ್ಚು ಪ್ರಸಾರಯಂತ್ರಗಳು ಇದಕ್ಕೆ ಸಜ್ಜಾದವು. ಎಫ್.ಎಂ. ಅಲೆಯದು ನೇರ ನೋಟದ ಹಾದಿ. ಗುಡ್ಡ ಅಡ್ಡಬಂದರೆ, ಊರು ದೂರವಾದರೆ ಮುಗಿಯಿತು. ಮಧ್ಯಮ ತರಂಗವು ನೆಲವನ್ನು ಅಪ್ಪಿಕೊಂಡು ಬಲುದೂರ ನಡೆಯುತ್ತದೆ. ಆ ದೂರಕ್ಕೆ ಈ ನಿರ್ಮಲತೆ ಕೂಡಿದರೆ, ಕಣ್ಣು ರಸ್ತೆಯ ಮೇಲಿರಲೇಬೇಕಾದ ಮನುಷ್ಯನಿಗೆ ಅದಕ್ಕಿಂತ ಮಿಗಿಲಾದ ಸಂಗಾತಿ ಯಾರು? ವಾರ್ತೆ, ನಾಟಕ, ಗಮಕ ಎಲ್ಲವೂ ಕನ್ನಡದಲ್ಲಿ, ಜಿಲ್ಲೆಯಿಂದ ಜಿಲ್ಲೆಗೆ ಜೊತೆಯಾಗಿ ಬಂದಾವು.

ತಡವೊಂದಿದೆ. ಅಂಕಿಗಳನ್ನು ಕೂಡಿಸಿ ಬಿಡಿಸಲು ಕೆಲವು ಸೆಕೆಂಡು ಹಿಡಿಯುತ್ತದೆ. ಚಹದಂಗಡಿಯ ಹಳೆಯ ಪೆಟ್ಟಿಗೆಯಲ್ಲಿ ವಿಕೆಟ್ ಬಿದ್ದು ಕೇಕೆ ಎದ್ದಿದ್ದರೂ, ಹೊರಗೆ ನಿಂತ ಮೋಟಾರಿನಲ್ಲಿ ಬೌಲರು ಇನ್ನೂ ಓಡಿಬರುತ್ತಿರಬಹುದು. ಇದು ನಗೆಯ ಮಾತು, ಸಹಿಸಬಹುದು.

ಸಹಿಸಲಾಗದ್ದು ಬೇರೆ. ಇಲ್ಲಿ ತಯಾರಕರೇ ಲಕ್ಷಾಂತರ ಮೋಟಾರುಗಳಲ್ಲಿ ಈ ಯಂತ್ರವನ್ನು ಕೂರಿಸಿ ಮಾರಿದ್ದಾರೆ. ಅದು ತಮ್ಮಲ್ಲಿ ಇದೆಯೆಂಬುದನ್ನೇ ಅರಿಯದ ಒಡೆಯರು ಬಹುಮಂದಿ. ಮಾರುವ ಹುಡುಗನು ಫೋನನ್ನು ಜೋಡಿಸುವ ಬಗೆಯನ್ನು ಉತ್ಸಾಹದಿಂದ ತೋರಿಸುತ್ತಾನೆ; ಬಾನುಲಿಯ ಗುಂಡಿಯತ್ತ ಅವನ ಬೆರಳು ಹೋಗದು. ಕೇಳುವವರಿಲ್ಲವೆಂದು ಕೇಂದ್ರವು ಪ್ರಸಾರವನ್ನು ಕುಗ್ಗಿಸುವುದಕ್ಕೆ ಇಷ್ಟು ಸಾಕು.